ಬೀಗಗಳ ಅನ್ಯೋನ್ಯಾಶ್ರಯ

ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ತರ್ಕಶಾಸ್ತ್ರದವರು ಈ ಬಗೆಯ ತೊಡಕಿಗೆ ಅನ್ಯೋನ್ಯಾಶ್ರಯವೆಂದು ಹೆಸರಿಟ್ಟಿರುವರು. ಒಂದು ವಸ್ತುವಿನ ಸಿದ್ಧಿಗೆ ಅದೇ ವಸ್ತುವು ಬೇಕಾದರೆ ಆತ್ಮಾಶ್ರಯ. ಮೊದಲನೆಯದಕ್ಕೆ ಎರಡನೆಯದೂ ಎರಡನೆಯದಕ್ಕೆ ಮೊದಲನೆಯದೂ ಬೇಕಾದರೆ ಅನ್ಯೋನ್ಯಾಶ್ರಯ. ಮೂರು ಅಥವಾ ಅದಕ್ಕೆ ಹೆಚ್ಚು ವಸ್ತುಗಳು ಒಂದನ್ನೊಂದು ಹಿಡಿದು ಸುತ್ತಿ ಬಂದರೆ ಚಕ್ರಕ. ಕೊನೆಯೇ ಇಲ್ಲದೆ ಮುಂದುವರಿಯುತ್ತ ಹೋದರೆ ಅನವಸ್ಥೆ. ಇವು ನಾಲ್ಕೂ ವಾದದಲ್ಲಿ ತಲೆದೋರತಕ್ಕ ದೋಷಗಳೆಂದು ಪಂಡಿತರು ಎಣಿಸಿದರು.

ಆದರೆ ಈ ದೋಷಗಳು ವಾದಸಭೆಗೆ ಮಾತ್ರ ಸೇರಿದುವಲ್ಲ. ಕಂಪ್ಯೂಟರುಗಳ ಒಳರಚನೆಯನ್ನು ಬರೆಯುವ ವಿದ್ವಾಂಸರು ಸುಮಾರು ಅರವತ್ತು ವರ್ಷಗಳಿಂದ ಇವುಗಳೊಡನೆಯೇ ಹೆಣಗುತ್ತಿದ್ದಾರೆಂಬುದು ನಮ್ಮ ವಾಚಕರಲ್ಲಿ ಅನೇಕರಿಗೆ ಹೊಸ ಸಂಗತಿಯಾಗಿರಬಹುದು. ಯಂತ್ರದಲ್ಲಿ ಈ ದೋಷವು ಹೇಗೆ ಹುಟ್ಟುವುದು, ಅನಾಹುತವಾಗುವುದಕ್ಕೆ ಮೊದಲೇ ಅದನ್ನು ಕಂಡುಹಿಡಿಯುವ ಉಪಾಯವೇನು, ಆ ಉಪಾಯದ ಮೇರೆ ಎಲ್ಲಿಯವರೆಗೆ ಎಂಬ ಮೂರು ವಿಷಯಗಳನ್ನು ಈ ತಿಂಗಳು ವಿವರಿಸಬೇಕೆಂದು ನಾವು ಉದ್ದೇಶಿಸಿದ್ದೇವೆ.

ಕಂಪ್ಯೂಟರೆಂದರೆ ಕಛೇರಿಯ ಮೇಜಿನ ಮೇಲಿರುವ ಪೆಟ್ಟಿಗೆಯೊಂದೇ ಅಲ್ಲ. ಗೃಹಸ್ಥರ ಜೇಬಿನಲ್ಲಿರುವ ಮೊಬೈಲ್ ಫೋನೂ ಕಂಪ್ಯೂಟರೇ. ಅದರಲ್ಲಿ ಒಂದೇ ಕಾಲದಲ್ಲಿ ಹತ್ತಾರು ಕಾರ್ಯಗಳು ನಡೆಯುತ್ತಿರುತ್ತವೆ. ಯಾವ ಕಾರ್ಯಕ್ಕೆ ಎಷ್ಟು ಹೊತ್ತು, ಯಾವುದಕ್ಕೆ ಎಷ್ಟು ಸ್ಥಳ, ಯಾವುದು ಯಾವ ಕಡತವನ್ನು ಮುಟ್ಟಬಹುದು ಎಂಬುದನ್ನೆಲ್ಲ ಗೊತ್ತುಮಾಡುವ ಆಡಳಿತಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದೂ, ಅದರ ಒಳತಿರುಳಿಗೆ ಕರ್ನೆಲ್ ಎಂದೂ ಹೆಸರು. ದೊಡ್ಡ ಸಂಸಾರದಲ್ಲಿ ಉಗ್ರಾಣವನ್ನು ನೋಡಿಕೊಳ್ಳುವ ಯಜಮಾನಿತಿಯ ಸ್ಥಾನವು ಅದರದು. ೧೯೯೧ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿ ನಗರದಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ಬರೆಯಲಾರಂಭಿಸಿದ ಲಿನಕ್ಸ್ ಎಂಬ ಕರ್ನೆಲ್ಲು ಈಗ ಆಂಡ್ರಾಯ್ಡ್ ಫೋನುಗಳೆಲ್ಲದರ ಒಳಗೂ ಇದೆ. ೨೦೧೭ರ ನವೆಂಬರಿನಿಂದೀಚೆಗೆ ಪ್ರಪಂಚದ ಅತ್ಯಂತ ಬಲವುಳ್ಳ ಐನೂರು ಕಂಪ್ಯೂಟರುಗಳ ಪಟ್ಟಿಯಲ್ಲಿ ಲಿನಕ್ಸ್ ಇಲ್ಲದ ಯಂತ್ರವೇ ಇಲ್ಲ. ಆದುದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುವೆವು.

ಮೊದಲು ಬೀಗದ ಮಾತು. ಒಂದೇ ಲೆಕ್ಕದ ಪುಸ್ತಕದಲ್ಲಿ ಇಬ್ಬರು ಗುಮಾಸ್ತರು ಬರೆಯುತ್ತಿರುವರೆಂದು ಭಾವಿಸಿರಿ. ಪುಸ್ತಕದಲ್ಲಿ ಬಾಕಿಯು ೧೦೦ ರೂಪಾಯಿ. ಒಬ್ಬನು ಐದು ರೂಪಾಯಿ ಜಮಾ ಮಾಡಬೇಕು, ಇನ್ನೊಬ್ಬನು ಮೂರು. ಇಬ್ಬರೂ ಒಂದೇ ಕ್ಷಣದಲ್ಲಿ ೧೦೦ ಎಂಬ ಅಂಕೆಯನ್ನು ಓದಿಕೊಂಡು, ತಮ್ಮ ತಮ್ಮ ಮನಸ್ಸಿನಲ್ಲಿ ಕೂಡಿಸಿ, ಒಬ್ಬನು ೧೦೫ ಎಂದೂ ಮತ್ತೊಬ್ಬನು ಅದನ್ನು ಅಳಿಸಿ ೧೦೩ ಎಂದೂ ಬರೆದರೆ, ೧೦೮ ಆಗಬೇಕಾಗಿದ್ದ ಬಾಕಿಯು ೧೦೩ಕ್ಕೆ ನಿಲ್ಲುವುದು. ಇಂದಿನ ಯಂತ್ರಗಳಲ್ಲಿ ಪ್ರೊಸೆಸರುಗಳು, ಎಂದರೆ ಲೆಕ್ಕ ಮಾಡುವ ಅಂಗಗಳು, ಹಲವು. ಅವೆಲ್ಲವೂ ಒಂದೇ ಮೆಮೊರಿಯನ್ನು ಓದಿ ಬರೆಯುತ್ತಿರುವುದರಿಂದ ಈ ಅಪಾಯವು ಸದಾ ಇದ್ದದ್ದೇ. ಆದಕಾರಣ ಪ್ರತಿಯೊಂದು ಲೆಕ್ಕಕ್ಕೂ ಒಂದು ಬೀಗವನ್ನು ಕಲ್ಪಿಸಿರುವರು. ಈ ಬೀಗವು ಕಬ್ಬಿಣದ್ದಲ್ಲ. ಮೆಮೊರಿಯಲ್ಲಿ ಇಡತಕ್ಕ ಒಂದು ಗುರುತು ಮಾತ್ರ. ಬೀಗವನ್ನು ಹಿಡಿದವನು ಕೆಲಸ ಮುಗಿಸಿ ಬಿಡುವ ಪರ್ಯಂತ ಬೇರೆಯವರು ಆ ಲೆಕ್ಕವನ್ನು ಮುಟ್ಟದೆ ಕಾಯತಕ್ಕದ್ದು. ಇಷ್ಟೇ ನಿಯಮ.

ನಿಯಮವು ಒಳ್ಳೆಯದೇ. ಒಂದು ಕಾರ್ಯಕ್ಕೆ ಎರಡು ಬೀಗಗಳು ಬೇಕಾದಾಗ ತೊಂದರೆಯು ಹುಟ್ಟುತ್ತದೆ. ಮನೆಯ ದೃಷ್ಟಾಂತವನ್ನೇ ಕೊಡೋಣ. ಬಾವಿಯಿಂದ ನೀರು ಸೇದುವುದಕ್ಕೆ ಹಗ್ಗವೂ ಬೇಕು, ಬಿಂದಿಗೆಯೂ ಬೇಕು. ಹಗ್ಗವು ಪಡಸಾಲೆಯ ಗೂಟದಲ್ಲಿ ತೂಗುತ್ತಿದೆ, ಬಿಂದಿಗೆಯು ಅಡಿಗೆಮನೆಯಲ್ಲಿದೆ. ಎರಡೂ ಒಂದೊಂದೇ. ಅತ್ತಿಗೆಯು ಮೊದಲು ಹಗ್ಗವನ್ನು ತೆಗೆದುಕೊಂಡು ಬಿಂದಿಗೆಗಾಗಿ ಒಳಗೆ ಹೋಗುತ್ತಾಳೆ. ನಾದಿನಿಯು ಮೊದಲು ಬಿಂದಿಗೆಯನ್ನು ಎತ್ತಿಕೊಂಡು ಹಗ್ಗಕ್ಕಾಗಿ ಹೊರಗೆ ಬರುತ್ತಾಳೆ. ಇಬ್ಬರೂ ನಡುಮನೆಯಲ್ಲಿ ಎದುರುಬದುರಾಗಿ ನಿಲ್ಲುತ್ತಾರೆ. ಇವಳಿಗೆ ಬೇಕಾದದ್ದು ಅವಳ ಕೈಯಲ್ಲಿ, ಅವಳಿಗೆ ಬೇಕಾದದ್ದು ಇವಳ ಕೈಯಲ್ಲಿ.

ಮನೆಯಲ್ಲಿ ಇದು ಒಂದು ನಗುವಿನಲ್ಲಿ ತೀರಿಹೋಗುತ್ತದೆ. “ಅತ್ತಿಗೆ, ನೀವೇ ಮೊದಲು ಸೇದಿಕೊಳ್ಳಿ” ಎಂದು ನಾದಿನಿಯು ಬಿಂದಿಗೆಯನ್ನು ಕೊಟ್ಟುಬಿಡುತ್ತಾಳೆ. ಯಂತ್ರಕ್ಕೆ ಈ ದಾಕ್ಷಿಣ್ಯವಿಲ್ಲ. ಹಿಡಿದದ್ದನ್ನು ಕೆಲಸ ಮುಗಿಯುವವರೆಗೆ ಬಿಡಬೇಡವೆಂದು ಅದಕ್ಕೆ ಹೇಳಿದೆ. ಬೇಕಾದದ್ದು ಸಿಕ್ಕುವವರೆಗೆ ಕಾಯೆಂದು ಹೇಳಿದೆ. ಅದು ಎರಡು ಆಜ್ಞೆಗಳನ್ನೂ ಶಿರಸಾವಹಿಸಿ ಪಾಲಿಸುತ್ತದೆ, ಯುಗಾಂತರದವರೆಗೂ ಪಾಲಿಸುತ್ತದೆ. ಆ ಎರಡು ಬೀಗಗಳಲ್ಲಿ ಒಂದು ಬೇಕಾದ ಮೂರನೆಯ ಕಾರ್ಯವೂ ಬಂದು ಹಿಂದೆ ನಿಲ್ಲುತ್ತದೆ, ಅದರ ಹಿಂದೆ ನಾಲ್ಕನೆಯದು. ಸ್ವಲ್ಪ ಹೊತ್ತಿನಲ್ಲಿ ಯಂತ್ರವೇ ಕಲ್ಲಾಗಿ ಕುಳಿತುಬಿಡುತ್ತದೆ. ಇದಕ್ಕೆ ಡೆಡ್‌ಲಾಕ್ ಎಂದು ಹೆಸರು. ನಾವು ಸ್ತಂಭನವೆಂದು ಕರೆಯುವೆವು. ನೆದರ್ಲೆಂಡ್ಸ್ ದೇಶದ ಐಂಡ್‌ಹೋವನ್ ನಗರದಲ್ಲಿ ಅಧ್ಯಾಪಕರಾಗಿದ್ದ ಎಡ್ಸ್ಗರ್ ಡೈಕ್‌ಸ್ಟ್ರ ಎಂಬ ಗಣಿತಜ್ಞರು ೧೯೬೫ರಲ್ಲಿ ಇದನ್ನು ವಿವರಿಸುತ್ತ, ಪ್ರಾಣಾಂತಕವಾದ ಅಪ್ಪುಗೆ ಎಂಬರ್ಥದ ಹೆಸರನ್ನು ಬಳಸಿದರು. ನಮ್ಮಲ್ಲಿ ಧೃತರಾಷ್ಟ್ರಾಲಿಂಗನವೆಂಬ ಮಾತು ಸಿದ್ಧವಾಗಿಯೇ ಇದೆ. ಭೇದವಿಷ್ಟೆ: ಅಲ್ಲಿ ನುಚ್ಚುನೂರಾದದ್ದು ಒಂದು ಕಬ್ಬಿಣದ ಪ್ರತಿಮೆ, ಇಲ್ಲಿ ಅಪ್ಪಿದವರಿಬ್ಬರೂ ಕೆಡುತ್ತಾರೆ.

ಸ್ತಂಭನಕ್ಕೆ ನಾಲ್ಕು ಕಾರಣಗಳು ಒಟ್ಟಿಗೆ ಸೇರಬೇಕೆಂದು ೧೯೭೧ರಲ್ಲಿ ಕಾಫ್‌ಮನ್, ಎಲ್ಫಿಕ್, ಶೋಶಾನಿ ಎಂಬ ಮೂವರು ವಿದ್ವಾಂಸರು ನಿರೂಪಿಸಿದರು. ವಸ್ತುವು ಒಂದು ಕಾಲಕ್ಕೆ ಒಬ್ಬರ ಕೈಯಲ್ಲಿ ಮಾತ್ರ ಇರತಕ್ಕದ್ದಾಗಿರಬೇಕು. ಒಂದನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕಾಯುತ್ತಿರಬೇಕು. ಹಿಡಿದದ್ದನ್ನು ಬಲಾತ್ಕಾರದಿಂದ ಕಿತ್ತುಕೊಳ್ಳುವಂತಿರಬಾರದು. ಕಾಯುವವರ ಸಾಲು ಸುತ್ತಿ ಬಂದು ಮೊದಲನೆಯವನಲ್ಲಿಯೇ ಸೇರಬೇಕು. ಈ ನಾಲ್ಕರಲ್ಲಿ ಒಂದನ್ನು ತಪ್ಪಿಸಿದರೂ ಸಾಕು, ಸ್ತಂಭನವಿಲ್ಲ. ಮೊದಲನೆಯದನ್ನು ಬಿಟ್ಟರೆ ಲೆಕ್ಕವು ಕೆಡುವುದು. ಮೂರನೆಯದನ್ನು ಬಿಟ್ಟರೆ ಅರ್ಧ ಬರೆದ ಲೆಕ್ಕವನ್ನು ಇನ್ನೊಬ್ಬನ ಕೈಗೆ ಕೊಟ್ಟಂತಾಗುವುದು. ಎರಡನೆಯದನ್ನು ಬಿಡಬೇಕಾದರೆ ಬೇಕಾಗಬಹುದಾದುದನ್ನೆಲ್ಲ ಮೊದಲೇ ಹಿಡಿಯಬೇಕು. ಏನು ಬೇಕಾಗುವುದೆಂಬುದು ಮೊದಲೇ ತಿಳಿದಿರುವುದು ಅಪೂರ್ವ. ಉಳಿದದ್ದು ನಾಲ್ಕನೆಯದು. ಅದನ್ನು ತಪ್ಪಿಸುವ ಉಪಾಯವು ಅತಿ ಸುಲಭವೆಂಬಂತೆ ತೋರುವುದು: ವಸ್ತುಗಳಿಗೆ ಒಂದು ಕ್ರಮವನ್ನು ಗೊತ್ತುಮಾಡಿ, ಯಾರೇ ಆಗಲಿ ಆ ಕ್ರಮದಲ್ಲಿಯೇ ಹಿಡಿಯತಕ್ಕದ್ದೆಂದು ವಿಧಿಸುವುದು. ಈ ಮಾರ್ಗವನ್ನು ೧೯೬೮ರಲ್ಲಿಯೇ ಐಬಿಎಂ ಸಂಸ್ಥೆಯ ಹೇವೆಂಡರ್ ಎಂಬವರು ಬರೆದಿಟ್ಟಿರುವರು. ಮೊದಲು ಹಗ್ಗ, ಆಮೇಲೆ ಬಿಂದಿಗೆ ಎಂದು ಮನೆಯಲ್ಲಿ ಕಟ್ಟುಮಾಡಿದರೆ ತೀರಿತು. ಹಗ್ಗವು ಸಿಕ್ಕದವಳು ಬಿಂದಿಗೆಯನ್ನು ಮುಟ್ಟುವುದೇ ಇಲ್ಲವಾದ ಮೇಲೆ ಎದುರುಬದುರು ನಿಲ್ಲುವ ಪ್ರಸಂಗವೆಲ್ಲಿಯದು?

ಹಾಗಾದರೆ ಇನ್ನು ಕಷ್ಟವೇನೆಂದು ವಾಚಕರು ಕೇಳಬಹುದು. ಕಷ್ಟವಿರುವುದು ಸಂಸಾರದ ದೊಡ್ಡಸ್ತಿಕೆಯಲ್ಲಿ. ೧೯೯೬ರಲ್ಲಿ ಲಿನಕ್ಸ್ ಕರ್ನೆಲ್ಲು ಒಂದಕ್ಕಿಂತ ಹೆಚ್ಚು ಪ್ರೊಸೆಸರುಗಳುಳ್ಳ ಯಂತ್ರಗಳಲ್ಲಿ ಕೆಲಸಮಾಡಲು ಕಲಿತಾಗ ಅದರಲ್ಲಿ ಇಡೀ ಮನೆಗೆ ಒಂದೇ ದೊಡ್ಡ ಬೀಗವಿತ್ತು. ಒಂದು ಪ್ರೊಸೆಸರು ಕರ್ನೆಲ್ಲಿನೊಳಗೆ ಹೊಕ್ಕಿದ್ದರೆ ಮಿಕ್ಕವು ಬಾಗಿಲಲ್ಲಿ ಕಾಯಬೇಕು. ಕ್ರಮದ ಪ್ರಶ್ನೆಯೇ ಇರಲಿಲ್ಲ. ಆದರೆ ನಾಲ್ಕು ಕೈಗಳಿದ್ದೂ ಒಂದೇ ಕೈಯಿಂದ ಕೆಲಸ ಮಾಡಿದಂತಾಗುತ್ತಿತ್ತು. ಆದುದರಿಂದ ಆ ದೊಡ್ಡ ಬೀಗವನ್ನು ಒಡೆದು, ಕೋಣೆಗೊಂದು, ಪೆಟ್ಟಿಗೆಗೊಂದು, ಡಬ್ಬಿಗೊಂದು ಎಂಬಂತೆ ಸಣ್ಣ ಸಣ್ಣ ಬೀಗಗಳನ್ನು ಮಾಡುತ್ತ ಬಂದರು. ೨೦೧೧ರಲ್ಲಿ ಹಳೆಯ ದೊಡ್ಡ ಬೀಗದ ಕೊನೆಯ ಕುರುಹೂ ಹೋಯಿತು. ಕೆಲಸವು ಬೇಗ ಸಾಗತೊಡಗಿತು; ಅದರೊಡನೆ ಬೀಗಗಳನ್ನು ಹಿಡಿಯುವ ಕ್ರಮಗಳೂ ಲೆಕ್ಕವಿಲ್ಲದಷ್ಟಾದುವು. ಈ ಕರ್ನೆಲ್ಲನ್ನು ಬರೆಯುವವರು ಒಂದೇ ಊರಿನವರಲ್ಲ, ಒಂದೇ ದೇಶದವರೂ ಅಲ್ಲ. ಕಡತಗಳ ವಿಭಾಗವನ್ನು ಬರೆದವರು ಒಬ್ಬರು, ಮೆಮೊರಿಯ ವಿಭಾಗವನ್ನು ಬರೆದವರು ಇನ್ನೊಬ್ಬರು. ಒಬ್ಬರ ಹಗ್ಗವು ಇನ್ನೊಬ್ಬರ ಬಿಂದಿಗೆಗೆ ಎಲ್ಲಿ ಸಂಧಿಸುವುದೆಂಬುದು ಇಬ್ಬರಿಗೂ ಗೋಚರವಿಲ್ಲ.

ಇದಕ್ಕಿಂತ ದೊಡ್ಡ ಕಷ್ಟವು ಮತ್ತೊಂದುಂಟು. ಕ್ರಮವು ತಪ್ಪಿದ್ದರೂ ಸ್ತಂಭನವು ಪ್ರತಿದಿನವೂ ಆಗುವುದಿಲ್ಲ. ಒಬ್ಬಳು ಹಗ್ಗವನ್ನು ತೆಗೆದುಕೊಂಡ ಮೇಲೆ ಬಿಂದಿಗೆಯನ್ನು ಮುಟ್ಟುವ ಮೊದಲಿನ ಆ ಸಣ್ಣ ಅವಕಾಶದಲ್ಲಿಯೇ ಇನ್ನೊಬ್ಬಳು ಬಿಂದಿಗೆಯನ್ನು ಎತ್ತಿರಬೇಕು. ಯಂತ್ರದಲ್ಲಿ ಆ ಅವಕಾಶವು ಒಂದು ಸೆಕೆಂಡಿನ ಹತ್ತುಲಕ್ಷದ ಒಂದು ಭಾಗಕ್ಕಿಂತಲೂ ಕಿರಿದಾಗಿರಬಹುದು. ಬರೆದವರ ಮೇಜಿನ ಮೇಲೆ ವರ್ಷಗಟ್ಟಲೆ ನಿರ್ಬಾಧಕವಾಗಿ ನಡೆದ ಪ್ರೋಗ್ರಾಮು ಎಲ್ಲಿಯೋ ಒಂದು ಊರಿನಲ್ಲಿ, ಯಾವುದೋ ಒಂದು ರಾತ್ರಿ, ಕೆಲಸದ ಒತ್ತಡವು ಮಿತಿಮೀರಿದ್ದಾಗ ನಿಂತುಬಿಡುವುದು. ಅಲ್ಲಿನವರು ಯಂತ್ರವನ್ನು ಆರಿಸಿ ಮತ್ತೆ ಹಚ್ಚುವರು. ಹಚ್ಚಿದೊಡನೆಯೇ ಸಾಕ್ಷ್ಯವೆಲ್ಲವೂ ಅಳಿದುಹೋಗುವುದು. ಮತ್ತೊಮ್ಮೆ ಹಾಗೆಯೇ ಮಾಡಿ ತೋರಿಸೆಂದರೆ ಯಂತ್ರವು ತೋರಿಸುವುದಿಲ್ಲ. ದೋಷವು ಇದೆಯೆಂದು ಗೊತ್ತು, ಎಲ್ಲಿದೆಯೆಂದು ಗೊತ್ತಿಲ್ಲ.

ಈ ಸಂಕಟಕ್ಕೆ ಪರಿಹಾರವಾಗಿ ೨೦೦೬ರಲ್ಲಿ ಲಿನಕ್ಸ್ ಕರ್ನೆಲ್ಲಿನೊಳಗೆ ಲಾಕ್‌ಡೆಪ್ ಎಂಬ ಪರೀಕ್ಷಕವು ಸೇರಿತು. ಬೀಗಗಳ ಪರಸ್ಪರಾವಲಂಬನವನ್ನು ಯಂತ್ರವು ನಡೆಯುತ್ತಿರುವಾಗಲೇ ಗುರುತಿಸಿಕೊಳ್ಳಬಹುದೆಂಬ ಮೊದಲ ಆಲೋಚನೆಯು ಅರ್ಯಾನ್ ವಾನ್ ಡೆ ವೆನ್ ಎಂಬವರದು. ಅದನ್ನು ಬರೆದು ಕಾರ್ಯರೂಪಕ್ಕೆ ತಂದವರು ಇಂಗೋ ಮೋಲ್ನಾರ್. ಇದಕ್ಕೆ ಮುಂಚೆಯೇ ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮಿನಲ್ಲಿ ವಿಟ್‌ನೆಸ್, ಎಂದರೆ ಸಾಕ್ಷಿ, ಎಂಬ ಹೆಸರಿನ ಇಂತಹದೇ ಪರೀಕ್ಷಕವಿತ್ತು. ಸಾಕ್ಷಿಯೆಂಬ ಹೆಸರು ನಮಗೆ ಬಹಳ ಹಿಡಿಸಿತು. ತಾನು ಏನನ್ನೂ ಮಾಡದೆ, ಆದದ್ದನ್ನೆಲ್ಲ ನೋಡಿ ನೆನಪಿಟ್ಟುಕೊಳ್ಳುವುದೇ ಇವುಗಳ ಧರ್ಮ.

ಲಾಕ್‌ಡೆಪ್ಪಿನ ಮರ್ಮವನ್ನು ಬಾವಿಯ ದೃಷ್ಟಾಂತದಲ್ಲಿಯೇ ಹೇಳಬಹುದು. ಸೋಮವಾರ ಅತ್ತಿಗೆಯು ಹಗ್ಗವನ್ನು ಹಿಡಿದುಕೊಂಡು ಹೋಗಿ ಬಿಂದಿಗೆಯನ್ನು ಎತ್ತಿಕೊಂಡಳು, ನೀರು ಸೇದಿದಳು, ಎರಡನ್ನೂ ಅದರದರ ಸ್ಥಳದಲ್ಲಿಟ್ಟಳು. ಗುರುವಾರ ನಾದಿನಿಯು ಬಿಂದಿಗೆಯನ್ನು ಹಿಡಿದುಕೊಂಡು ಹೋಗಿ ಹಗ್ಗವನ್ನು ತೆಗೆದುಕೊಂಡಳು, ನೀರು ಸೇದಿದಳು. ಎರಡು ದಿನವೂ ಯಾರಿಗೂ ಅಡ್ಡಿಯಾಗಲಿಲ್ಲ. ಆದರೆ ಮೂಲೆಯಲ್ಲಿ ಕುಳಿತು ಎರಡನ್ನೂ ನೋಡಿದ ಮುದುಕಿಯೊಬ್ಬಳು, ಇವರಿಬ್ಬರೂ ಒಂದು ದಿನ ಒಟ್ಟಿಗೆ ಹೊರಟರೆ ನಡುಮನೆಯಲ್ಲಿ ನಿಲ್ಲುತ್ತಾರೆ ಎಂದು ಹೇಳಬಲ್ಲಳು. ಆ ದಿನವು ಬರಲೆಂದು ಅವಳು ಕಾಯಬೇಕಾಗಿಲ್ಲ. ಬೇರೆ ಬೇರೆ ದಿನಗಳಲ್ಲಿ ನಡೆದ ಎರಡು ನಿರಪಾಯವಾದ ಸಂಗತಿಗಳೇ ಅವಳಿಗೆ ಸಾಕು.

ನ್ಯಾಯಶಾಸ್ತ್ರದಲ್ಲಿ ಅನುಮಾನವನ್ನು ವಿಭಾಗಿಸುವಾಗ, ಮೇಘವನ್ನು ಕಂಡು ಮಳೆಯಾಗುವುದೆಂದು ತಿಳಿಯುವುದಕ್ಕೆ ಪೂರ್ವವತ್ ಎಂದೂ, ಹೊಳೆಯಲ್ಲಿ ಕೆಂಪು ನೀರು ಬಂದುದನ್ನು ಕಂಡು ಮೇಲೆ ಮಳೆಯಾಗಿದೆಯೆಂದು ತಿಳಿಯುವುದಕ್ಕೆ ಶೇಷವತ್ ಎಂದೂ ಹೇಳುವರು. ಯಂತ್ರವು ನಿಂತ ಮೇಲೆ ಅದರ ಅವಶೇಷಗಳನ್ನು ಶೋಧಿಸುತ್ತ ಕಾರಣವನ್ನು ಹುಡುಕುತ್ತಿದ್ದುದು ಶೇಷವತ್. ಲಾಕ್‌ಡೆಪ್ಪು ಮಾಡುವುದು ಪೂರ್ವವತ್. ಕಾರ್ಯವು ಇನ್ನೂ ಹುಟ್ಟಿಲ್ಲ. ಕಾರಣವು ಪೂರ್ಣವಾಗಿ ಕೂಡಿದೆ. ಆದುದರಿಂದ ಕಾರ್ಯವು ಸಂಭವಿಸಬಹುದು ಎಂಬುದೇ ಅದರ ವಾಕ್ಯ.

ಅದು ನಡೆಯುವ ರೀತಿಯನ್ನು ಇನ್ನು ಸ್ವಲ್ಪ ಬಿಡಿಸಿ ಹೇಳುವೆವು. ಯಾವುದಾದರೊಂದು ಕಾರ್ಯವು ‘ಕ’ ಎಂಬ ಬೀಗವನ್ನು ಹಿಡಿದಿರುವಾಗ ‘ಖ’ ಎಂಬುದನ್ನು ಹಿಡಿದರೆ, ‘ಕ’ದಿಂದ ‘ಖ’ಕ್ಕೆ ಒಂದು ಗೆರೆಯನ್ನು ಲಾಕ್‌ಡೆಪ್ಪು ಎಳೆದಿಡುವುದು. ಇನ್ನಾವುದೋ ಕಾರ್ಯವು ‘ಖ’ವನ್ನು ಹಿಡಿದು ‘ಗ’ವನ್ನು ಹಿಡಿದರೆ ಅಲ್ಲಿಗೊಂದು ಗೆರೆ. ಹೀಗೆ ಗೆರೆಗಳ ಒಂದು ಜಾಲವು ಬೆಳೆಯುತ್ತ ಹೋಗುವುದು. ಹೊಸ ಗೆರೆಯನ್ನು ಎಳೆಯುವ ಪ್ರತಿಸಲವೂ, ಈ ಗೆರೆಯ ತುದಿಯಿಂದ ಹೊರಟು ಹಳೆಯ ಗೆರೆಗಳ ಮೇಲೆಯೇ ನಡೆದರೆ ಮತ್ತೆ ಮೊದಲಿನ ಬೀಗಕ್ಕೆ ಬಂದು ಸೇರಬಹುದೇ ಎಂದು ಪರೀಕ್ಷಿಸುವುದು. ಎರಡು ಹೆಜ್ಜೆಗಳಲ್ಲಿ ಬಂದು ಸೇರಿದರೆ ಅದು ಅನ್ಯೋನ್ಯಾಶ್ರಯ. ‘ಗ’ವನ್ನು ಹಿಡಿದವನೊಬ್ಬನು ‘ಕ’ವನ್ನು ಕೇಳಿ, ಮೂರು ಅಥವಾ ಹೆಚ್ಚು ಹೆಜ್ಜೆಗಳಲ್ಲಿ ಬಂದು ಸೇರಿದರೆ ಚಕ್ರಕ. ಮನುಷ್ಯನ ಕಣ್ಣಿಗೆ ಅನ್ಯೋನ್ಯಾಶ್ರಯವು ಹೇಗೋ ಕಂಡೀತು. ನಾಲ್ಕೈದು ವಿಭಾಗಗಳನ್ನು ಸುತ್ತಿ ಬರುವ ಚಕ್ರಕವು ಕಾಣುವುದು ದುರ್ಲಭ. ಇನ್ನು ಅನವಸ್ಥೆಗೆ ಇಲ್ಲಿ ಎಡೆಯೇ ಇಲ್ಲ. ಬೀಗಗಳು ಎಷ್ಟೇ ಇದ್ದರೂ ಪರಿಮಿತವಾದುದರಿಂದ, ಕಾಯುವವರ ಸಾಲು ಎಲ್ಲಿಯಾದರೂ ನಿಲ್ಲಬೇಕು, ಇಲ್ಲವೆ ಸುತ್ತಿ ಬರಬೇಕು.

ಈ ಕ್ರಮದಲ್ಲಿ ನಮಗೆ ಅತ್ಯಂತ ಚಮತ್ಕಾರವಾಗಿ ಕಂಡ ಅಂಶವು ಬೇರೊಂದು. ಕರ್ನೆಲ್ಲಿನಲ್ಲಿ ಒಂದೊಂದು ಕಡತದ ದಾಖಲೆಗೂ ಒಂದೊಂದು ಬೀಗವುಂಟು. ಇಂತಹ ಬೀಗಗಳು ಒಂದು ಯಂತ್ರದಲ್ಲಿ ಹತ್ತಾರು ಸಾವಿರವಿರಬಹುದು. ಒಂದೊಂದಕ್ಕೂ ಗೆರೆ ಎಳೆಯುತ್ತ ಕುಳಿತರೆ ಪರೀಕ್ಷೆಯು ಮುಗಿಯುವ ಹಾಗಿಲ್ಲ. ಇಂದು ಕಂಡದ್ದು ನಾಳೆಗೆ ಉಪಯೋಗಕ್ಕೆ ಬರುವುದೂ ಇಲ್ಲ, ಏಕೆಂದರೆ ನಾಳೆಯ ಕಡತಗಳು ಬೇರೆ. ಆದುದರಿಂದ ಲಾಕ್‌ಡೆಪ್ಪು ವ್ಯಕ್ತಿಯನ್ನು ಬಿಟ್ಟು ಜಾತಿಯನ್ನು ಹಿಡಿಯುತ್ತದೆ. ಕಡತದ ದಾಖಲೆಯ ಬೀಗವೆಂಬುದು ಒಂದು ಜಾತಿ. ಆ ಹತ್ತಾರು ಸಾವಿರ ಬೀಗಗಳು ಅದರ ವ್ಯಕ್ತಿಗಳು. ನಿಯಮವನ್ನು ಜಾತಿಗೆ ಹಾಕಿದರೆ ವ್ಯಕ್ತಿಗಳೆಲ್ಲವೂ ಅದಕ್ಕೆ ಒಳಪಡುವುವು. ಒಂದು ಗೋವನ್ನು ಕಂಡು ಗೋತ್ವವನ್ನು ಗ್ರಹಿಸಿದವನಿಗೆ ಊರಿನ ಗೋವುಗಳನ್ನೆಲ್ಲ ಹುಡುಕಿಕೊಂಡು ಹೋಗುವ ಶ್ರಮವಿಲ್ಲ. ಇದಲ್ಲದೆ, ಒಂದಾದ ಮೇಲೊಂದರಂತೆ ಬೀಗಗಳನ್ನು ಹಿಡಿದ ಸಾಲನ್ನು ಒಮ್ಮೆ ಪರೀಕ್ಷಿಸಿದ ಮೇಲೆ, ಆ ಸಾಲಿಗೆ ಒಂದು ಸಂಖ್ಯೆಯ ಗುರುತನ್ನು ಕೊಟ್ಟು ಬರೆದಿಟ್ಟುಕೊಳ್ಳುವುದು. ಅದೇ ಸಾಲು ಮತ್ತೆ ಬಂದರೆ ಪುನಃ ಪರೀಕ್ಷೆಯಿಲ್ಲ. ಒಮ್ಮೆ ಕಂಠಸ್ಥವಾದ ಪಾಠವನ್ನು ಮತ್ತೆ ಮತ್ತೆ ಒಪ್ಪಿಸಬೇಕಾಗಿಲ್ಲವಷ್ಟೆ.

ಆತ್ಮಾಶ್ರಯದ ಮಾತು ಉಳಿಯಿತು. ತಾನು ಹಿಡಿದ ಬೀಗಕ್ಕೆ ತಾನೇ ಕಾಯುವ ಮೂಢರೂ ಉಂಟೇ ಎಂದು ಆಶ್ಚರ್ಯವಾಗಬಹುದು. ಉಂಟು. ಯಂತ್ರದಲ್ಲಿ ಒಂದು ಕೆಲಸವು ನಡೆಯುತ್ತಿರುವಾಗ ಹೊರಗಿನಿಂದ ತುರ್ತು ಕರೆ ಬರುವುದುಂಟು: ಕೀಲಿಮಣೆಯ ಗುಂಡಿಯನ್ನು ಯಾರೋ ಒತ್ತಿದರು, ತಂತಿಯ ಮೂಲಕ ವರ್ತಮಾನವು ಬಂದಿತು ಎಂಬಿವೇ ಮೊದಲಾದುವು. ಆಗ ಪ್ರೊಸೆಸರು ಕೈಯಲ್ಲಿದ್ದ ಕೆಲಸವನ್ನು ಇದ್ದಲ್ಲಿಯೇ ನಿಲ್ಲಿಸಿ ಕರೆಗೆ ಓಗೊಡುವುದು. ಅದು ಮುಗಿದ ಮೇಲೆಯೇ ಹಿಂದಿನ ಕೆಲಸಕ್ಕೆ ಮರಳುವುದು. ನಿಲ್ಲಿಸಿದ ಕೆಲಸವು ಬೀಗವೊಂದನ್ನು ಹಿಡಿದಿದ್ದು, ತುರ್ತು ಕೆಲಸಕ್ಕೂ ಅದೇ ಬೀಗವು ಬೇಕಾದರೆ ಗತಿಯೇನು? ತುರ್ತು ಕೆಲಸವು ಮುಗಿಯದೆ ಬೀಗವು ಬಿಡದು. ಬೀಗವು ಬಿಡದೆ ತುರ್ತು ಕೆಲಸವು ಮುಗಿಯದು. ಒಂದೇ ಪ್ರೊಸೆಸರು ತನಗೆ ತಾನೇ ಕಾಯುತ್ತ ನಿಂತಿತು. ಇದಕ್ಕೆ ಮದ್ದೆಂದರೆ, ಅಂತಹ ಬೀಗವನ್ನು ಹಿಡಿಯುವಾಗ ಆ ಪ್ರೊಸೆಸರಿಗೆ ತುರ್ತು ಕರೆಗಳು ಕೇಳದಂತೆ ಸ್ವಲ್ಪ ಹೊತ್ತು ಬಾಗಿಲನ್ನು ಮುಚ್ಚಿಕೊಳ್ಳುವುದು. ಯಾವುದಾದರೂ ಒಂದು ಜಾತಿಯ ಬೀಗವನ್ನು ಒಂದು ಕಡೆ ತುರ್ತು ಕೆಲಸದೊಳಗೂ, ಇನ್ನೊಂದು ಕಡೆ ಬಾಗಿಲನ್ನು ತೆರೆದಿಟ್ಟುಕೊಂಡೂ ಹಿಡಿದಿರುವುದನ್ನು ಕಂಡರೆ ಲಾಕ್‌ಡೆಪ್ಪು ಕೂಡಲೆ ಕೂಗಿ ಹೇಳುವುದು. ಇಲ್ಲಿಯೂ ಎರಡು ಸಂಗತಿಗಳು ಒಂದೇ ದಿನ ನಡೆದಿರಬೇಕಾದ ಅಗತ್ಯವಿಲ್ಲ.

ದೋಷವನ್ನು ಕಂಡಾಗ ಅದು ಬರೆದಿಡುವ ವರದಿಯು ಒಳ್ಳೆಯ ಉಪಾಧ್ಯಾಯನ ತಿದ್ದುಪಡಿಯಂತಿರುವುದು. ತಪ್ಪೆಂದು ಕೆಂಪು ಗೀಟು ಹಾಕಿ ಸುಮ್ಮನಾಗುವುದಿಲ್ಲ. ಇಂತಹ ಕಾರ್ಯವು ಇಂತಹ ಬೀಗವನ್ನು ಹಿಡಿದಿದ್ದು ಇಂತಹದನ್ನು ಕೇಳುತ್ತಿದೆ. ಇದಕ್ಕೆ ವಿರುದ್ಧವಾದ ಕ್ರಮವು ಹಿಂದೆ ಇಂತಹ ಸ್ಥಳದಲ್ಲಿ ನಡೆದಿತ್ತು ಎಂದು ಎರಡರ ದಾರಿಯನ್ನೂ ತೋರಿಸುವುದು. ಕೊನೆಯಲ್ಲಿ ಎರಡು ಪ್ರೊಸೆಸರುಗಳನ್ನು ಅಕ್ಕಪಕ್ಕದಲ್ಲಿಟ್ಟು, ಮೊದಲನೆಯದು ಇದನ್ನು ಹಿಡಿಯಿತು, ಎರಡನೆಯದು ಅದನ್ನು ಹಿಡಿಯಿತು, ಇನ್ನು ಇವೆರಡೂ ಪರಸ್ಪರ ಕೇಳಿದರೆ ಸ್ತಂಭನ ಎಂದು ನಾಟಕದ ರಂಗಸೂಚನೆಯಂತೆ ಬರೆಯುವುದು. ಆ ನಾಟಕವು ಇನ್ನೂ ಎಲ್ಲಿಯೂ ಆಡಿದ್ದಲ್ಲ, ಆಡಬಹುದಾದದ್ದು.

ವರದಿಯು ಬಂದ ಮೇಲೆ ಕ್ರಮವನ್ನು ಸರಿಪಡಿಸುವುದು ಮನುಷ್ಯರ ಕೆಲಸ. ಒಂದು ನಿದರ್ಶನವನ್ನು ನೋಡಬಹುದು. ಕಡತಗಳನ್ನಿಡುವ ಚೀಲಗಳಿಗೆ ಡೈರೆಕ್ಟರಿಗಳೆಂದು ಹೆಸರು. ಚೀಲದೊಳಗೆ ಚೀಲವಿರುವುದೂ ಉಂಟು. ಒಂದು ಚೀಲದಿಂದ ಇನ್ನೊಂದಕ್ಕೆ ಕಡತವನ್ನು ಸಾಗಿಸಬೇಕಾದರೆ ಎರಡರ ಬೀಗವನ್ನೂ ಹಿಡಿಯಬೇಕು. ಒಬ್ಬನು ಮೊದಲನೆಯದರಿಂದ ಎರಡನೆಯದಕ್ಕೂ, ಅದೇ ಕ್ಷಣದಲ್ಲಿ ಇನ್ನೊಬ್ಬನು ಎರಡನೆಯದರಿಂದ ಮೊದಲನೆಯದಕ್ಕೂ ಸಾಗಿಸಹೊರಟರೆ ಅನ್ಯೋನ್ಯಾಶ್ರಯವು ಕೈಕಟ್ಟಿ ನಿಂತಿರುವುದು. ಇದನ್ನು ತಪ್ಪಿಸಲು ಲಿನಕ್ಸಿನಲ್ಲಿ ಎರಡು ಕಟ್ಟಳೆಗಳಿವೆ. ಹೀಗೆ ಚೀಲದಿಂದ ಚೀಲಕ್ಕೆ ಸಾಗಿಸುವವರೆಲ್ಲರೂ ಮೊದಲು ಆ ಕಡತವ್ಯವಸ್ಥೆಗೆ ಸೇರಿದ ಒಂದು ಸಾಮಾನ್ಯ ಬೀಗವನ್ನು ಹಿಡಿಯತಕ್ಕದ್ದು. ಆದುದರಿಂದ ಇಂತಹ ಸಾಗಾಟವು ಒಂದು ಕಾಲಕ್ಕೆ ಒಂದೇ. ಅನಂತರ, ಒಂದು ಚೀಲವು ಇನ್ನೊಂದರ ಒಳಗಿದ್ದರೆ, ಹೊರಗಿನದನ್ನು ಮೊದಲು, ಒಳಗಿನದನ್ನು ಆಮೇಲೆ ಹಿಡಿಯತಕ್ಕದ್ದು. ಹಿರಿಯರಿಗೆ ಮೊದಲ ನಮಸ್ಕಾರವೆಂಬ ನಮ್ಮ ಸಂಪ್ರದಾಯಕ್ಕೆ ಇದು ಹೊರತಾದುದಲ್ಲ.

ಲಾಕ್‌ಡೆಪ್ಪನ್ನು ಹೊಗಳಿದ ಮೇಲೆ ಅದರ ಮೇರೆಯನ್ನೂ ಹೇಳುವುದು ನ್ಯಾಯ. ಮೊದಲನೆಯದಾಗಿ, ಅದು ಸಾಕ್ಷಿಯೇ ಹೊರತು ಸರ್ವಜ್ಞವಲ್ಲ. ಯಾರೂ ತುಳಿಯದ ದಾರಿಯಲ್ಲಿ ಏನಿದೆಯೆಂಬುದು ಅದಕ್ಕೆ ತಿಳಿಯದು. ನಾದಿನಿಯು ಒಮ್ಮೆಯಾದರೂ ಬಿಂದಿಗೆಯನ್ನು ಮೊದಲು ಎತ್ತಿರಬೇಕು. ಎತ್ತದಿದ್ದರೆ ಮುದುಕಿಗೆ ಹೇಳಲು ಏನೂ ಇಲ್ಲ. ಆದುದರಿಂದ ವರದಿಯು ಬರಲಿಲ್ಲವೆಂದ ಮಾತ್ರಕ್ಕೆ ದೋಷವಿಲ್ಲವೆಂದು ನಿರ್ಣಯಿಸಲಾಗದು. ಅಪರೂಪದ ದಾರಿಗಳನ್ನೂ ತುಳಿಸಬೇಕೆಂಬ ಉದ್ದೇಶದಿಂದ ಗೂಗಲ್ ಸಂಸ್ಥೆಯವರು ಸಿಜ್‌ಕಾಲರ್ ಎಂಬ ಉಪಕರಣವನ್ನು ಮಾಡಿರುವರು. ಅದು ಕರ್ನೆಲ್ಲಿಗೆ ಹಗಲಿರುಳೂ ಚಿತ್ರವಿಚಿತ್ರವಾದ ಬೇಡಿಕೆಗಳನ್ನು ಕಳುಹಿಸುತ್ತಿರುವುದು. ಒಬ್ಬರು ನಡೆಯಿಸುವರು, ಒಬ್ಬರು ನೋಡುವರು. ಎರಡೂ ಸೇರಿದರೆ ಫಲವು ಹೆಚ್ಚು.

ಎರಡನೆಯದಾಗಿ, ಈ ಪರೀಕ್ಷೆಯು ಯಂತ್ರದ ವೇಗವನ್ನು ಕುಗ್ಗಿಸುವುದು. ಆದಕಾರಣ ಕರ್ನೆಲ್ಲನ್ನು ಬರೆದು ಪರೀಕ್ಷಿಸುವವರು ಇದನ್ನು ಇಟ್ಟುಕೊಳ್ಳುವರಲ್ಲದೆ, ಗೃಹಸ್ಥರ ಫೋನಿನಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಮೊದಲನೆಯ ದೋಷವನ್ನು ವರದಿಮಾಡಿದೊಡನೆಯೇ ಇದು ತನ್ನ ಪರೀಕ್ಷೆಯನ್ನು ನಿಲ್ಲಿಸಿಬಿಡುವುದೆಂಬುದನ್ನೂ ನೆನಪಿಡಬೇಕು. ಮೊದಲ ತಪ್ಪನ್ನು ತಿದ್ದಿ ಯಂತ್ರವನ್ನು ಮತ್ತೆ ಹಚ್ಚಿದಲ್ಲದೆ ಎರಡನೆಯ ತಪ್ಪು ಹೊರಬೀಳದು. ಸಣ್ಣದೆಂದು ಒಂದನ್ನು ಉಪೇಕ್ಷಿಸಿದವರು ಅದರ ಹಿಂದಿನ ದೊಡ್ಡದನ್ನೂ ಮುಚ್ಚಿಟ್ಟಂತಾಯಿತು.

ಮೂರನೆಯದು ಇವೆಲ್ಲಕ್ಕಿಂತ ಸೂಕ್ಷ್ಮ. ಜಾತಿಯನ್ನು ಹಿಡಿದು ವ್ಯಕ್ತಿಯನ್ನು ಬಿಟ್ಟುದರಿಂದ ಒಮ್ಮೊಮ್ಮೆ ನಿರ್ದೋಷಿಯ ಮೇಲೆ ಆರೋಪವು ಬರುವುದು. ಹೊರಚೀಲದ ಬೀಗವನ್ನು ಹಿಡಿದು ಒಳಚೀಲದ ಬೀಗವನ್ನು ಹಿಡಿದರೆ ತಪ್ಪೇನೂ ಇಲ್ಲ. ಆದರೆ ಎರಡೂ ಒಂದೇ ಜಾತಿಯಾದುದರಿಂದ ಲಾಕ್‌ಡೆಪ್ಪಿಗೆ ಅದು ಆತ್ಮಾಶ್ರಯದಂತೆಯೇ ಕಾಣುವುದು. ಆಗ ಬರೆದವರು, ಇದು ತಂದೆಯ ಸ್ಥಾನದ್ದು, ಅದು ಮಗುವಿನ ಸ್ಥಾನದ್ದು ಎಂದು ಜಾತಿಯೊಳಗೆ ಅವಾಂತರಭೇದವನ್ನು ಸೂಚಿಸಬೇಕು. ಒಂದು ಜಾತಿಗೆ ಹೀಗೆ ಎಂಟು ಭೇದಗಳವರೆಗೆ ಅವಕಾಶವಿದೆ. ಈ ಸೌಕರ್ಯವು ಅಪಾಯಕ್ಕೂ ದಾರಿ. ನಿಜವಾಗಿ ಕ್ರಮವು ತಪ್ಪಿರುವಾಗಲೂ, ವರದಿಯ ಬಾಯಿ ಮುಚ್ಚಿದರೆ ಸಾಕೆಂದು ಇಲ್ಲದ ಭೇದವನ್ನು ಕಲ್ಪಿಸಿ ಬರೆದುಬಿಟ್ಟರೆ, ಸಾಕ್ಷಿಯು ಮೌನವಾಗುವುದು. ದೋಷವು ಮೊದಲಿದ್ದಲ್ಲಿಯೇ ಇರುವುದು. ಭೇದವು ವಸ್ತುವಿನಲ್ಲಿದೆಯೇ, ಅಥವಾ ನಮ್ಮ ಅನುಕೂಲದಲ್ಲಿದೆಯೇ ಎಂಬುದನ್ನು ಯಂತ್ರವು ನಿರ್ಣಯಿಸಲಾರದು. ಅದಕ್ಕೆ ವಿವೇಕವುಳ್ಳ ಮನುಷ್ಯನೇ ಬೇಕು.

ಇಷ್ಟನ್ನೂ ಓದಿದ ಗೃಹಸ್ಥರು, ಇದರಿಂದ ನಮಗೇನೆಂದು ಕೇಳಿದರೆ ಉತ್ತರವು ಸುಲಭ. ಫೋನು ಕೈಯಲ್ಲಿ ಕಲ್ಲಾಗದೆ ಕೆಲಸಮಾಡುವ ಪ್ರತಿಯೊಂದು ದಿನದ ಹಿಂದೆಯೂ, ಎಂದೂ ಸಂಭವಿಸದೆ ಹೋದ ಕೆಲವು ಅನಾಹುತಗಳಿವೆ. ಅವು ಸಂಭವಿಸದೆ ಹೋದುದು ಅದೃಷ್ಟದಿಂದಲ್ಲ. ಏನೂ ಕೆಡದಿದ್ದಾಗಲೇ ಬಂದ ಎಚ್ಚರಿಕೆಯನ್ನು ಯಾರೋ ನಂಬಿ, ಕುಳಿತು, ಕ್ರಮವನ್ನು ತಿದ್ದಿದುದರಿಂದ. ಹಾಗೆ ನಂಬುವುದು ಸುಲಭವಲ್ಲ. ಇಷ್ಟು ವರ್ಷ ನಡೆದಿದೆಯಲ್ಲ, ಏನಾಯಿತು ಎಂಬ ಮಾತು ಎಲ್ಲರ ನಾಲಗೆಯ ಮೇಲೂ ಇದೆ. ಸೋಮವಾರವೂ ನೀರು ಬಂತು, ಗುರುವಾರವೂ ನೀರು ಬಂತು ಎಂಬುದು ನಿಜವೇ. ಅದರಿಂದ ಸಿದ್ಧವಾಗುವುದು, ಇಬ್ಬರ ಸಮಯಗಳು ಇನ್ನೂ ಸಂಧಿಸಿಲ್ಲವೆಂಬುದು ಮಾತ್ರ, ಕ್ರಮವು ಸರಿಯೆಂಬುದಲ್ಲ.

ಎರಡು ಕೈಗಳು ಎರಡು ವಸ್ತುಗಳಿಗೆ ಚಾಚುವ ಯಾವ ಕೆಲಸದಲ್ಲಾಗಲಿ, ಮೊದಲು ಯಾವುದು ಎಂಬುದನ್ನು ಎಲ್ಲರೂ ಒಟ್ಟಾಗಿ ಗೊತ್ತುಮಾಡಿಕೊಳ್ಳುವುದಕ್ಕೆ ತಕ್ಕ ಕಾಲವು ಜಗಳದ ದಿನವಲ್ಲ, ಅದಕ್ಕೆ ಹಿಂದಿನ ಶಾಂತವಾದ ದಿನ. ಕರ್ನೆಲ್ಲನ್ನು ಬರೆಯುವವರು ಇದನ್ನು ಬಹುಕಷ್ಟದಿಂದ ಕಲಿತು, ತಮ್ಮ ಯಂತ್ರಕ್ಕೂ ಕಲಿಸಿರುವರು.